ಲೈಕಾ ಸಮ್ಮರಿಟ್ ಕೊಳ್ಳುವುದಾದರೆ 75. ಐವತ್ತಕ್ಕೆ ಹಳೆಯ ಸಮಿಕ್ರಾನ್

ಪ್ರಶ್ನೆ: ನನ್ನ ಹತ್ತಿರ ಲೈಕಾ ಎಂ (ಟೈಪ್ 240) ಬಾಡಿ ಇದೆ. ಲೆನ್ಸ್ ಗೆಳೆಯರದು, ಇಷ್ಟರಲ್ಲೇ ಹಿಂದಿರುಗಿಸಬೇಕು. ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನ: ರಾತ್ರಿಯ ಆಟ, ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುವವರು. ಜೊತೆಗೆ ಮನೆಯ ಮಕ್ಕಳು. ಜರ್ಮನಿಯಲ್ಲಿರುವ ಭಾವ ಊರಿಗೆ ಬರುವವರಿದ್ದಾರೆ, ಅವರ ಕೈಲಿ ಸೆಕೆಂಡ್‌ಹ್ಯಾಂಡ್ ಲೆನ್ಸ್ ತರಿಸಬಹುದು. ಲೈಕಾದಲ್ಲೇ ಕಡಿಮೆ ಬೆಲೆಯದೆಂದು ಸಮ್ಮರಿಟ್ ಹೆಸರು ಕೇಳಿದ್ದೇನೆ. ಅದರಲ್ಲಿ ಎಫ್/2.5 ಬೇರೆ, ಎಫ್/2.4 ಬೇರೆ. ಯಾವುದು ತೆಗೆದುಕೊಳ್ಳಲಿ? ಇಲ್ಲ, ದುಡ್ಡು ಕೂಡಿಸಿ ಸಮಿಕ್ರಾನಿಗೇ ಹೋಗಲೇ? (ಕುಂದಾಪುರದಿಂದ ಓದುಗರೊಬ್ಬರು)

ಉತ್ತರ: ನಿಮ್ಮ ಕೆಲಸಕ್ಕೆ ಸಮ್ಮರಿಟ್ 75 ಎಫ್/2.4 ತೆಗೆದುಕೊಳ್ಳಿ. (75 ಎಂಬುದು ಮಿ.ಮೀ.ನಲ್ಲಿ ಫೋಕಲ್ ಲೆಂಗ್ತ್, ಅದು ಹೆಚ್ಚಾದಷ್ಟು ವಿಷಯ ದೊಡ್ಡದಾಗಿ ಬರುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಬಾಯಿ ಅಗಲ, ಬೆಳಕು ಹೆಚ್ಚು.) 50 ಬೇಕಾದರೆ ಸಮ್ಮರಿಟ್ ಬದಲು ಹಳೆಯ ಸಮಿಕ್ರಾನ್ 50, ಅಂದರೆ ಲೈಕಾದ್ದೇ ಎಫ್/2 ಲೆನ್ಸ್, ಹುಡುಕಿ. ಸಮ್ಮರಿಟ್ ಸಾಲಿನ ನಾಲ್ಕೂ ಲೆನ್ಸ್‌ಗಳಲ್ಲಿ ಉಳಿಯುವ ದುಡ್ಡು ಒಂದೇ ತರಹದ್ದಲ್ಲ. ಉದ್ದದ ಲೆನ್ಸ್‌ಗಳಲ್ಲಿ ಉಳಿತಾಯ ನಿಜವಾದದ್ದು, ಐವತ್ತರಲ್ಲಿ ಅದು ಹೆಸರಿಗೆ ಮಾತ್ರ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಜಾಹೀರಾತಿನಲ್ಲಿ ‘ಸಮ್ಮರಿಟ್ 50’ ಎಂದಷ್ಟೇ ಇದ್ದರೆ ಅದು ಎರಡು ಬೇರೆ ಕಾಲದ ಲೆನ್ಸ್ ಆಗಿರಬಹುದು. 1949ರಲ್ಲಿ ಬಂದ ಸಮ್ಮರಿಟ್ 5 ಸೆಂ.ಮೀ. ಎಫ್/1.5 ಒಂದು. ಪೂರ್ತಿ ತೆರೆದಾಗ ಅದರ ಚಿತ್ರ ಮೆತ್ತಗೆ, ಕಾಂಟ್ರಾಸ್ಟ್ ಕಡಿಮೆ. ಮುಂದಿನ ಗಾಜಿನ ಲೇಪನ ಮೃದುವಾದ್ದರಿಂದ ಎಷ್ಟೋ ಪ್ರತಿಗಳು ಒರೆಸಿ ಒರೆಸಿಯೇ ಗೀರು ಬಿದ್ದಿರುತ್ತವೆ, ಒಳಗೆ ಮಂಜು ಕೂತಿರುವುದೂ ಸಾಮಾನ್ಯ. ಅದರ ಗುಣವನ್ನೇ ಬಯಸಿ ಕೊಳ್ಳುವವರಿದ್ದಾರೆ, ಆದರೆ ಆಟ ತೆಗೆಯಲು ಅದು ಹೇಳಿಸಿದ್ದಲ್ಲ. ನೀವು ಕೇಳುತ್ತಿರುವುದು 2007ರಲ್ಲಿ ಬಂದ ಸಮ್ಮರಿಟ್-ಎಂ ಸಾಲು: 35, 50, 75, 90, ನಾಲ್ಕೂ ಎಫ್/2.5. 2014ರಲ್ಲಿ ಇದೇ ನಾಲ್ಕು ಎಫ್/2.4 ಆಗಿ ಹೊಸ ಮೈಯಲ್ಲಿ ಬಂದವು. ಭಾವನವರಿಗೆ ಹೇಳುವಾಗ ‘ಸಮ್ಮರಿಟ್-ಎಂ’ ಎಂದೂ, ಎಫ್ ಸಂಖ್ಯೆಯನ್ನೂ ಸೇರಿಸಿ ಬರೆದುಕೊಡಿ.

ಅಗ್ಗವಾದದ್ದು ಹೇಗೆ ಎಂದು ತಿಳಿದರೆ ಯಾವುದನ್ನು ಬಿಟ್ಟುಕೊಡುತ್ತಿದ್ದೀರಿ ಎಂದೂ ತಿಳಿಯುತ್ತದೆ. ಲೆನ್ಸಿನ ಬಾಯಿ ಸ್ವಲ್ಪ ಕಿರಿದು ಮಾಡಿದರೆ ಅಂಚಿನಿಂದ ಬರುವ ಬೆಳಕಿನ ದೋಷಗಳನ್ನು ತಿದ್ದುವ ಕೆಲಸ ಬಹಳ ಹಗುರಾಗುತ್ತದೆ. ಆಗ ಆಸ್ಫೆರಿಕ್ ಗಾಜು (ಗೋಳದ ಆಕಾರಕ್ಕಿಂತ ಬೇರೆ ಬಾಗು ಕೊಟ್ಟ ದುಬಾರಿ ಗಾಜು) ಬೇಡ, ಫೋಕಸ್ ಮಾಡುವಾಗ ಬೇರೆಯಾಗಿ ಚಲಿಸುವ ಗಾಜಿನ ಗುಂಪೂ ಬೇಡ. ಎಫ್/2.5 ಸಾಲಿನ 35, 50, 75 ಮೂರರಲ್ಲೂ ನಾಲ್ಕು ಗುಂಪಿನಲ್ಲಿ ಆರು ಗಾಜು, 90ರಲ್ಲಿ ನಾಲ್ಕು ಗುಂಪಿನಲ್ಲಿ ಐದು. ಆಸ್ಫೆರಿಕ್ ಒಂದೂ ಇಲ್ಲ. ಹೋಲಿಕೆಗೆ ಎಪೊ-ಸಮಿಕ್ರಾನ್ 75 ಎಫ್/2 ನೋಡಿ: ಐದು ಗುಂಪು, ಏಳು ಗಾಜು, ಆಸ್ಫೆರಿಕ್ ಮೇಲ್ಮೈ, ಹತ್ತಿರದ ಫೋಕಸ್‌ಗೆಂದೇ ಚಲಿಸುವ ಗುಂಪು, 430 ಗ್ರಾಂ. ಸಮ್ಮರಿಟ್ 75 ಎಫ್/2.5 ಬರೀ 345 ಗ್ರಾಂ. ಇದರ ಮೇಲೆ ಚಿಕ್ಕಪುಟ್ಟ ಉಳಿತಾಯಗಳು: ಎಫ್/2.5ರಲ್ಲಿ ಫೋಕಸ್ ರಿಂಗಿಗೆ ರಬ್ಬರ್, ಹುಡ್‌ಗೆ ಬೇರೆ ದುಡ್ಡು. ಲೆನ್ಸಿನ ಗುಣದಲ್ಲಿ ಕೈ ಬಿಗಿ ಹಿಡಿದಿಲ್ಲ. ಈ ಸಾಲನ್ನು ‘ಬಡವರ ಲೈಕಾ’ ಎಂದು ತಳ್ಳಿಹಾಕುವವರು ಚಿತ್ರ ನೋಡಿ ಆ ಮಾತು ಆಡುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಕಳೆದುಕೊಳ್ಳುವುದು ಏನು? ಒಂದು, ಬೆಳಕು. ಅದನ್ನು ಸ್ಟಾಪಿನಲ್ಲಿ ಅಳೆಯುತ್ತಾರೆ: ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಎಫ್/2ರಿಂದ ಎಫ್/2.4ಕ್ಕೆ ಅರ್ಧ ಸ್ಟಾಪ್, ಎಫ್/2.5ಕ್ಕೆ ಮೂರನೇ ಎರಡು ಸ್ಟಾಪಿನಷ್ಟು. 2.4 ಮತ್ತು 2.5ರ ನಡುವಿನ ಅಂತರ ಸ್ಟಾಪಿನ ಎಂಟನೇ ಒಂದು ಭಾಗ, ಅಂದರೆ ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ನಿಮ್ಮ ಕ್ಯಾಮೆರಾದ ಶಟರ್ ಡಯಲ್ ಅರ್ಧ ಸ್ಟಾಪಿಗೊಂದು ಕ್ಲಿಕ್ ಕೊಡುತ್ತದೆ. ಆದ್ದರಿಂದ ಎಫ್/2ರಲ್ಲಿ 1/125 ಸಿಗುವ ಬೆಳಕಿನಲ್ಲಿ ಎಫ್/2.4ಕ್ಕೆ 1/90 ಸಿಗುತ್ತದೆ. ಒಂದು ಕ್ಲಿಕ್ ಅಷ್ಟೆ. ಮದ್ದಳೆಯವರು, ಚೆಂಡೆಯವರು, ಹಾಡುತ್ತಿರುವ ಭಾಗವತರು, ನಿಂತು ಅರ್ಥ ಹೇಳುವ ವೇಷ, ಇವಕ್ಕೆ 1/90 ಸಾಕು. ವೇಷ ಗಿರಕಿ ಹೊಡೆಯುವಾಗ 1/250 ಬೇಕೇ ಬೇಕು. ಅಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 1600 ಇದ್ದದ್ದನ್ನು 2500ರ ಹತ್ತಿರಕ್ಕೆ ಏರಿಸಿ. ಟೈಪ್ 240ರಲ್ಲಿ 3200ರವರೆಗೆ ಧೈರ್ಯವಾಗಿ ಹೋಗಬಹುದು. 6400ರಲ್ಲಿ ಕಪ್ಪು ಪರದೆಯಂಥ ಜಾಗಗಳಲ್ಲಿ ಗೆರೆಗಳು ತಲೆಯೆತ್ತುತ್ತವೆ. ನೀವು ಹೋಗುವ ಮೇಳದ ರಂಗಸ್ಥಳದಲ್ಲಿ ಎಫ್/2ಕ್ಕೇ ಐಎಸ್ಒ 3200 ಬೇಕಾಗುತ್ತಿದೆ ಎಂದಾದರೆ ಮಾತ್ರ ಸಮ್ಮರಿಟ್ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಗೆಳೆಯರ ಲೆನ್ಸ್ ಹಿಂದಿರುಗಿಸುವ ಮೊದಲು ಒಂದು ಆಟದಲ್ಲಿ ಇದನ್ನು ಅಳೆದುಬಿಡಿ: ಅಪರ್ಚರನ್ನು ಎಫ್/2 ಮತ್ತು 2.8ರ ನಡುವಿನ ಕ್ಲಿಕ್‌ನಲ್ಲಿಟ್ಟು ರಾತ್ರಿಯೆಲ್ಲ ತೆಗೆಯಿರಿ. ಅದೇ ಸಮ್ಮರಿಟ್‌ನ ಬೆಳಕು. ಎಲ್ಇಡಿ ದೀಪಗಳು ಮಿಣುಕಿ ಚಿತ್ರದಲ್ಲಿ ಅಡ್ಡ ಪಟ್ಟೆ ಬರುತ್ತಿದ್ದರೆ 1/90 ಅಥವಾ 1/45ರಲ್ಲಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಅದರ ಒಂದು ಸುತ್ತಿನ ಆಸುಪಾಸಿನಲ್ಲಿ ಶಟರ್ ತೆರೆದಿದ್ದರೆ ಪಟ್ಟೆ ಬಹುಪಾಲು ಅಳಿಯುತ್ತದೆ.

ಎರಡನೆಯ ನಷ್ಟ, ಹತ್ತಿರ ಹೋಗುವ ಮಿತಿ. ಇದನ್ನು ಹೆಚ್ಚಿನವರು ಕೊಂಡ ಮೇಲೆ ಗಮನಿಸುತ್ತಾರೆ. ಸಮಿಕ್ರಾನ್ 50ರಲ್ಲಿ ವಿಷಯಕ್ಕೆ 0.7 ಮೀಟರಿನವರೆಗೆ ಹತ್ತಿರ ಹೋಗಬಹುದು. ಸಮ್ಮರಿಟ್ 35 ಮತ್ತು 50, ಎರಡು ಆವೃತ್ತಿಗಳಲ್ಲೂ, 0.8ಕ್ಕೇ ನಿಲ್ಲುತ್ತವೆ. 75 ಎಫ್/2.5ರ ಮಿತಿ 0.9 ಮೀಟರ್, 90 ಎಫ್/2.5ರದು 1 ಮೀಟರ್. ಹತ್ತು ಸೆಂಟಿಮೀಟರಿಗೆ ಏನಾಯಿತು ಅನ್ನಿಸಬಹುದು. ಚೌಕಿಯೊಳಗೆ ಹೋಗಿ ನೋಡೋಣ. ಬಲ್ಬಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು ಎಡಗೈಯಲ್ಲಿ ಕನ್ನಡಿ ಹಿಡಿದು ಬಲಗೈಯ ಕಡ್ಡಿಯಿಂದ ಕಣ್ಣಿನ ಅಂಚಿಗೆ ಕಪ್ಪು ಎಳೆಯುತ್ತಿದ್ದಾರೆ. ಸಮ್ಮರಿಟ್ 50ರಲ್ಲಿ 0.8 ಮೀಟರಿಗೆ ಚಿತ್ರದ ಅಗಲ ಸುಮಾರು 50 ಸೆಂ.ಮೀ. ಮುಖ, ಕನ್ನಡಿ, ಕೈ ಮೂರೂ ಬರುತ್ತವೆ. ಸಮಿಕ್ರಾನ್‌ನಲ್ಲಿ 0.7ಕ್ಕೆ ಅಗಲ ಸುಮಾರು 42 ಸೆಂ.ಮೀ. ಮುಖ ಇನ್ನಷ್ಟು ತುಂಬುತ್ತದೆ. ಸಮ್ಮರಿಟ್ 75 ಎಫ್/2.5 ತನ್ನ 0.9ರಲ್ಲಿ 36 ಸೆಂ.ಮೀ. ಕೊಡುತ್ತದೆ. 2014ರ 75 ಎಫ್/2.4 ಮಾತ್ರ 0.7 ಮೀಟರಿನವರೆಗೆ ಬರುತ್ತದೆ. ಆಗ ಅಗಲ ಸುಮಾರು 26 ಸೆಂ.ಮೀ., ಎತ್ತರ 17: ಒಂದು ಹಣೆ, ಎರಡು ಕಣ್ಣು, ಕಡ್ಡಿ ಹಿಡಿದ ಬೆರಳು. 75ರಲ್ಲಿ ಹೊಸ ಆವೃತ್ತಿಗೆ ಹೆಚ್ಚು ದುಡ್ಡು ಕೊಡಿ ಎನ್ನುವುದು ಈ ಒಂದೇ ಕಾರಣಕ್ಕೆ, ಮತ್ತು ಈ ಕಾರಣ ದೊಡ್ಡದು. 90 ಎಫ್/2.4ರಲ್ಲಿ ಲಾಭ ಹತ್ತೇ ಸೆಂಟಿಮೀಟರು, 0.9ಕ್ಕೆ ಬರುತ್ತದೆ.

ಇಷ್ಟು ಹತ್ತಿರದಲ್ಲಿ ಇನ್ನೊಂದು ವಿಷಯ ನೆನಪಿರಲಿ. ಟೈಪ್ 240ರ ನೋಡುಗಿಂಡಿಯಲ್ಲಿ ಚಿತ್ರದ ಅಂಚು ತೋರಿಸುವ ಚೌಕಟ್ಟಿನ ಗೆರೆಗಳು 2 ಮೀಟರ್ ದೂರಕ್ಕೆ ಸರಿಹೊಂದಿಸಿದವು. ಒಂದು ಮೀಟರಿನೊಳಗೆ ಗೆರೆ ತೋರಿಸುವುದಕ್ಕಿಂತ ಕಡಿಮೆ ಜಾಗ ಚಿತ್ರಕ್ಕೆ ಬರುತ್ತದೆ, ಅಂಚಿಗೆ ತಾಗಿಸಿ ಹಿಡಿದ ಮುಂದಲೆಯ ತುದಿ ಕತ್ತರಿಸಿ ಹೋಗುತ್ತದೆ. ದೂರದ ವಿಷಯಗಳಲ್ಲಿ ಇದಕ್ಕೆ ವಿರುದ್ಧ, ಗೆರೆಯ ಹೊರಗಿನದೂ ಸ್ವಲ್ಪ ಸೇರುತ್ತದೆ.

ಈಗ ಒಂದೊಂದನ್ನೇ ತೂಗೋಣ.

50ರಲ್ಲಿ ಸಮ್ಮರಿಟ್‌ಗೆ ಎದುರಾಳಿ ಅದರ ಅಣ್ಣನೇ. 1979ರಿಂದ ಬಂದ ಸಮಿಕ್ರಾನ್ 50 ಎಫ್/2ರಲ್ಲೂ ನಾಲ್ಕು ಗುಂಪು, ಆರು ಗಾಜು. 1994ರಲ್ಲಿ ಮೈಯೊಳಗೇ ಜಾರುವ ಹುಡ್ ಬಂತು, ಗಾಜಿನ ರಚನೆ ಅದೇ ಉಳಿಯಿತು. ದಶಕಗಟ್ಟಲೆ ತಯಾರಾದ್ದರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಹೇರಳ. ಬೆಲೆ ಸಮ್ಮರಿಟ್ 50ಕ್ಕಿಂತ ಬಹಳ ಮೇಲಿರುವುದಿಲ್ಲ. ಅರ್ಧ ಸ್ಟಾಪ್ ಬೆಳಕು, ಹತ್ತು ಸೆಂಟಿಮೀಟರ್ ಹತ್ತಿರ, ಮುಂದೆ ಮಾರುವಾಗ ಬೇಗ ಹೋಗುವ ಹೆಸರು, ಮೂರೂ ಅದರ ಕಡೆಗಿವೆ. ಅದರದೊಂದು ದೌರ್ಬಲ್ಯ ನಿಮಗೆ ತಟ್ಟುವಂಥದ್ದು: ಬಲವಾದ ದೀಪ ಚೌಕಟ್ಟಿನ ಸ್ವಲ್ಪ ಹೊರಗಿನಿಂದ ಓರೆಯಾಗಿ ಗಾಜಿಗೆ ಬಿದ್ದರೆ ಚಿತ್ರದ ಒಂದು ಭಾಗ ಬಿಳಿಚಿಕೊಳ್ಳುತ್ತದೆ. ರಂಗಸ್ಥಳದ ಮೂಲೆಯ ದೀಪಗಳಿಗೆ ಮುಖ ಮಾಡಿ ನಿಂತಾಗ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲವೇ ಎಡಗೈಯನ್ನು ಲೆನ್ಸಿನ ಮೇಲೆ ಅಡ್ಡ ಹಿಡಿಯಿರಿ. ಸಮ್ಮರಿಟ್ 50 ತೀರಾ ಅಗ್ಗಕ್ಕೆ, ಅಂದರೆ ಸಮಿಕ್ರಾನಿನ ಮುಕ್ಕಾಲು ಬೆಲೆಗಿಂತ ಕೆಳಗೆ ಸಿಕ್ಕರೆ ಬೇಡವೆನ್ನಬೇಡಿ.

35ರಲ್ಲಿ ಎಫ್/2.5ಕ್ಕಿಂತ ಎಫ್/2.4 ಒಳ್ಳೆಯದು. ಈ ಸಾಲಿನಲ್ಲಿ ಆಸ್ಫೆರಿಕ್ ಮೇಲ್ಮೈ ಪಡೆದದ್ದು ಇದೊಂದೇ. 2014ರಲ್ಲಿ ಗಾಜಿನ ಕೆಲಸ ನಿಜವಾಗಿ ಬದಲಾದದ್ದು ಇಲ್ಲಿ. 50, 75, 90ರಲ್ಲಿ ಗಾಜು, ಗುಂಪುಗಳ ಲೆಕ್ಕ ಹಿಂದಿನದೇ. ಆದರೆ 35ಕ್ಕೆ ಹೊರಗಿನ ಪೈಪೋಟಿ ಜೋರು: ಜೈಸ್ ಸಿ ಬಯೊಗಾನ್ 35 ಎಫ್/2.8, ಫೊಯ್ಕ್ಟ್‌ಲೆಂಡರ್ ಅಲ್ಟ್ರಾನ್ 35 ಎಫ್/2, ಎರಡೂ ಜಪಾನಿನ ಕೊಸಿನಾ ತಯಾರಿಕೆ, ಎರಡೂ ಅಪ್ಪಟ ಲೆನ್ಸ್‌ಗಳು. ಲೈಕಾ ಹೆಸರೇ ಬೇಕೆಂಬ ಹಟವಿಲ್ಲದಿದ್ದರೆ 35ಕ್ಕೆ ಅವನ್ನೂ ನೋಡಿ. ಇನ್ನೂ ಅಗಲ ಬೇಕೆಂದರೆ ಎಲ್ಮರಿಟ್-ಎಂ 28 ಎಫ್/2.8 ಆಸ್ಫೆರಿಕ್ ಇದೆ, 2006ರದು, ಬರೀ 180 ಗ್ರಾಂ. ಕನ್ನಡಕ ಹಾಕುವವರಿಗೆ 28ರ ಗೆರೆಗಳು ಪೂರ್ತಿ ಕಾಣುವುದಿಲ್ಲ.

75ಕ್ಕೆ ಬಂದರೆ ಲೆಕ್ಕ ಬೇರೆ. ಲೈಕಾದಲ್ಲೇ ಇದರ ಬದಲಿಗೆ ಮುಖ್ಯವಾಗಿ ಇರುವುದು ಎಪೊ-ಸಮಿಕ್ರಾನ್ ಅಥವಾ ಹಳೆಯ ಸಮಿಲಕ್ಸ್ 75 ಎಫ್/1.4. ಎರಡೂ ಬಹಳ ಮೇಲಿನ ಬೆಲೆಯವು. ಉಳಿಯುವ ಹಣದಲ್ಲಿ ಒಂದು ಸಮಿಕ್ರಾನ್ 50 ಬರುವ ಸಾಧ್ಯತೆ ಇದೆ. ಎಪೊ ಕೊಡುವುದು ಅರ್ಧ ಸ್ಟಾಪ್, ಮತ್ತು ಮಿನುಗುವ ಅಂಚುಗಳಲ್ಲಿ ನೇರಳೆ ಬಣ್ಣ ಕಡಿಮೆ. ಕಿರೀಟದ ಕನ್ನಡಿ ಚೂರುಗಳಿಗೆ ದೀಪ ಬಿದ್ದಾಗ ಈ ವ್ಯತ್ಯಾಸ ಹುಡುಕಿದರೆ ಕಾಣುತ್ತದೆ. ಒಂದು ಸ್ಟಾಪ್ ಕಿರಿದು ಮಾಡಿದರೆ ಬಹಳಷ್ಟು ಹೋಗುತ್ತದೆ.

ರಂಗಸ್ಥಳಕ್ಕೆ 75 ಏಕೆ ಎನ್ನುವುದಕ್ಕೆ ಸಣ್ಣ ಗಣಿತ. 5 ಮೀಟರ್ ದೂರದಿಂದ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ 75ರಲ್ಲಿ 2.4 ಮೀಟರ್ ಎತ್ತರ ಬರುತ್ತದೆ: ಕಿರೀಟ ಕಟ್ಟಿದ ಎರಡನೇ ವೇಷ ಗೆಜ್ಜೆಯಿಂದ ತುರಾಯಿಯವರೆಗೆ, ಸುತ್ತ ಸ್ವಲ್ಪ ಉಸಿರಾಡುವ ಜಾಗದೊಂದಿಗೆ. 90ರಲ್ಲಿ ಎತ್ತರ 2 ಮೀಟರು, ಕೈ ಎತ್ತಿದರೆ ಬೆರಳು ಹೋಯಿತು. 50ರಲ್ಲಿ 3.6 ಮೀಟರು, ಇಡೀ ಹಿಮ್ಮೇಳವೂ ಸೇರುತ್ತದೆ. ನೀವು ಕೂರುವ ಜಾಗ ಎಂಟು ಹತ್ತು ಮೀಟರ್ ಹಿಂದಿದ್ದರೆ ಮಾತ್ರ 90 ಸರಿ. ಫೋಕಸ್ ವಿಷಯದಲ್ಲೂ ಹಾಗೇ. 5 ಮೀಟರಿಗೆ 75 ಎಫ್/2.4ರಲ್ಲಿ ಚೊಕ್ಕವಾಗಿ ಕಾಣುವ ಆಳ ಫಿಲ್ಮಿನ ಕಾಲದ ಲೆಕ್ಕದಂತೆ ಸುಮಾರು 63 ಸೆಂ.ಮೀ., 90ರಲ್ಲಿ 44. ನಿಮ್ಮ 24 ಮೆಗಾಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿ ನೋಡುವುದಾದರೆ ಇದರ ಅರ್ಧ ಎಂದೇ ಹಿಡಿಯಿರಿ. ಕುಣಿಯುವ ವೇಷಕ್ಕೆ ಆ ಅಂತರ ಬೇಕಾಗುತ್ತದೆ. 75ರದೊಂದು ಅನನುಕೂಲ: ಅದರ ಗೆರೆಗಳು 50ರ ಚೌಕಟ್ಟಿನೊಳಗೆ ಬರೀ ಮೂಲೆ ಗುರುತುಗಳಾಗಿ ಕಾಣುತ್ತವೆ, ಎರಡೂ ಒಟ್ಟಿಗೆ. ಮೊದಲ ವಾರ ಕಣ್ಣು ದೊಡ್ಡ ಚೌಕಟ್ಟಿಗೇ ಹೋಗುತ್ತದೆ. ಮೂಲೆಗಳನ್ನು ಹುಡುಕುವ ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಸೆಕೆಂಡ್‌ಹ್ಯಾಂಡ್ ಲೆನ್ಸ್ ಪರೀಕ್ಷೆ. ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಏರ್ಪಾಡು) ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಪರೀಕ್ಷೆ ಸುಲಭ. ಲೆನ್ಸಿನ ಹಿಂಭಾಗದ ಲೋಹದ ಉಂಗುರ ಕ್ಯಾಮೆರಾದೊಳಗಿನ ಪುಟ್ಟ ಚಕ್ರವನ್ನು ತಳ್ಳುತ್ತದೆ, ಆ ಚಕ್ರ ನೋಡುಗಿಂಡಿಯ ಎರಡನೇ ಬಿಂಬವನ್ನು ಸರಿಸುತ್ತದೆ. ಕ್ಯಾಮೆರಾಕ್ಕೆ ಅರ್ಥವಾಗುವುದು ಐವತ್ತರ ಆಸುಪಾಸಿನ ಲೆನ್ಸಿನ ಚಲನೆ ಮಾತ್ರ. 50ರಲ್ಲಿ ಗಾಜೂ ಉಂಗುರವೂ ಹೆಚ್ಚುಕಡಿಮೆ ಒಟ್ಟಿಗೇ ಸಾಗುತ್ತವೆ. 75, 90ರಲ್ಲಿ ಗಾಜು ಹೆಚ್ಚು ದೂರ ಸಾಗುತ್ತದೆ, ಅದನ್ನು ಐವತ್ತರ ಲೆಕ್ಕಕ್ಕೆ ಇಳಿಸಿ ಉಂಗುರಕ್ಕೆ ತಲುಪಿಸಬೇಕು. ಆ ಅನುವಾದ ಕೂದಲೆಳೆ ತಪ್ಪಿದರೂ ಫೋಕಸ್ ತಪ್ಪುತ್ತದೆ. ಬಿದ್ದ ಲೆನ್ಸ್, ಯಾರೋ ಬಿಚ್ಚಿ ಜೋಡಿಸಿದ ಲೆನ್ಸ್ ಕೈಕೊಡುವುದು ಇಲ್ಲೇ.

ಕ್ರಮ ಹೀಗೆ. ಮೊದಲು ಅನಂತ ದೂರ: ಒಂದೆರಡು ಕಿಲೋಮೀಟರ್ ಆಚೆಯ ಮೊಬೈಲ್ ಟವರ್ ನೋಡಿ, ರಿಂಗನ್ನು ಕೊನೆಯವರೆಗೆ ತಿರುಗಿಸಿ. ಎರಡು ಬಿಂಬ ಒಂದಾಗಬೇಕು. ಆಮೇಲೆ ಹತ್ತಿರ: ಮೇಜಿನ ಮೇಲೆ ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿಟ್ಟು, ಅದರ ನಡುವಿನ ಒಂದು ಗುರುತಿನ ಪಕ್ಕ ನೇರ ಗೆರೆಯ ಕಾಗದ ನಿಲ್ಲಿಸಿ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಒಂದು ಮೀಟರ್ ದೂರ, ಅಪರ್ಚರ್ ಪೂರ್ತಿ ತೆರೆದು. ಗೆರೆಗೆ ಫೋಕಸ್ ಮಾಡಿ ಒಂದು ಚಿತ್ರ. ರಿಂಗನ್ನು ಪೂರ್ತಿ ಕದಲಿಸಿ ಮತ್ತೆ ಫೋಕಸ್, ಮತ್ತೊಂದು ಚಿತ್ರ. ಹೀಗೆ ಐದು ಸಲ, ಕೆಲವು ಸಲ ದೂರದ ಕಡೆಯಿಂದ, ಕೆಲವು ಸಲ ಹತ್ತಿರದ ಕಡೆಯಿಂದ ಬನ್ನಿ. ಐದರಲ್ಲಿ ತಪ್ಪು ಹಿಂದೆ ಮುಂದೆ ಚದುರಿದ್ದರೆ ಅದು ನಿಮ್ಮ ಕಣ್ಣು. ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಅದು ಯಂತ್ರ. ಆಗ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ, ಹಿಗ್ಗಿಸಿ ಫೋಕಸ್ ಮಾಡಿದ ಚಿತ್ರದೊಂದಿಗೆ ಹೋಲಿಸಿ. ಇದೇ ಪರೀಕ್ಷೆಯನ್ನು ಗೆಳೆಯರ ಲೆನ್ಸಿಗೂ ಈಗಲೇ ಮಾಡಿಟ್ಟುಕೊಳ್ಳಿ. ಎರಡು ಲೆನ್ಸೂ ಒಂದೇ ಕಡೆಗೆ ತಪ್ಪಿದರೆ ದೋಷ ಕ್ಯಾಮೆರಾದ್ದು, ಒಂದೇ ತಪ್ಪಿದರೆ ಆ ಲೆನ್ಸಿನದು. 75ಕ್ಕೆ 1 ಮೀಟರಿನಲ್ಲಿ ಇರುವ ಆಳ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ, ಹಾಗಾಗಿ ಒಂದು ಸೆಂಟಿಮೀಟರ್ ವಾಲಿದರೂ ಬಿಡಬೇಡಿ. ಚಕ್ರವನ್ನು ನೀವೇ ತಿರುಪಿ ಸರಿಮಾಡುವ ಗೋಜಿಗೆ ಹೋಗಬೇಡಿ. ಒಂದು ದೂರಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಕೆಡುತ್ತದೆ.

ನಂತರ ಸಮತೋಲ: ದೂರದ ಒಂದೇ ಮರವನ್ನು ಅದೇ ಫೋಕಸಿನಲ್ಲಿ ಚಿತ್ರದ ನಾಲ್ಕೂ ಮೂಲೆಗೆ ತಂದು ನಾಲ್ಕು ಚಿತ್ರ. ಒಂದು ಮೂಲೆ ಮಾತ್ರ ಎಫ್/5.6ರಲ್ಲೂ ಮೆತ್ತಗಿದ್ದರೆ ಗಾಜು ಓರೆಯಾಗಿದೆ, ಬೇಡ. ಕತ್ತಲ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ: ಜೇಡರ ಬಲೆಯ ಎಳೆಗಳಂತಿದ್ದರೆ ಬೂಷ್ಟು, ಸಮನಾದ ಹಾಲು ಬಣ್ಣದ ಪದರವಿದ್ದರೆ ಮಂಜು, ಅಂಚಿನಲ್ಲಿ ಕಾಮನಬಿಲ್ಲಿನ ಕಲೆಯಿದ್ದರೆ ಜೋಡಿಗಾಜಿನ ಅಂಟು ಬಿಟ್ಟಿದೆ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ. ಮೌಂಟಿನ ಮೇಲಿನ ಆರು ಕಪ್ಪು ಬಿಳಿ ಚುಕ್ಕೆಗಳನ್ನು ನೋಡಿ. ಸಮ್ಮರಿಟ್-ಎಂ ಎಲ್ಲದರಲ್ಲೂ ಅವಿರುತ್ತವೆ, ಕ್ಯಾಮೆರಾ ಲೆನ್ಸನ್ನು ಗುರುತಿಸುವುದು ಅವುಗಳಿಂದ. ಹಳೆಯ ಸಮಿಕ್ರಾನ್‌ನಲ್ಲಿ ಇಲ್ಲದಿದ್ದರೆ ಮೆನುವಿನಲ್ಲಿ ಕೈಯಾರೆ ಆರಿಸಿದರಾಯಿತು, ಅದಕ್ಕಾಗಿ ಬೆಲೆ ಏರಿಸಬೇಡಿ. ಎಫ್/2.4ರ ಮುಂದೆ ಒಂದು ತೆಳು ಉಂಗುರವಿರುತ್ತದೆ, ಅದನ್ನು ಬಿಚ್ಚಿ ಹುಡ್ ತಿರುಗಿಸಬೇಕು. ಹುಡ್ ಮತ್ತು ಉಂಗುರ ಎರಡೂ ಇವೆಯೇ ಎಂದು ಭಾವನವರು ಕೇಳಲಿ, ಬಿಡಿಯಾಗಿ ಕೊಂಡರೆ ದುಬಾರಿ. ಫಿಲ್ಟರ್ ಎಫ್/2.4ರ ನಾಲ್ಕಕ್ಕೂ 46 ಮಿ.ಮೀ. ಎಫ್/2.5ರಲ್ಲಿ 35, 50ಕ್ಕೆ 39, ಉಳಿದೆರಡಕ್ಕೆ 46.

ಈ ಪರೀಕ್ಷೆಯೆಲ್ಲ ನಿಮ್ಮ ಕ್ಯಾಮೆರಾದ ಮೇಲೇ ಆಗಬೇಕಾದ್ದರಿಂದ ಖಾಸಗಿ ಮಾರಾಟಗಾರರಿಗಿಂತ ಗ್ಯಾರಂಟಿ ಬರೆದುಕೊಡುವ ಅಂಗಡಿಯೇ ಮೇಲು, ಸ್ವಲ್ಪ ಹೆಚ್ಚಾದರೂ. ಅಲ್ಲಿ ಸೀರಿಯಲ್ ನಂಬರ್ ಇರುವ ಬಿಲ್ಲು ಪಡೆಯಲಿ, ಕಸ್ಟಮ್ಸ್‌ನಲ್ಲಿ ತೋರಿಸಲೂ ಅದೇ ಬೇಕು. ತಪ್ಪು ಕಂಡರೆ ಭಾವನವರು ಮರಳುವಾಗಲೇ ಕೈಲಿ ಕೊಟ್ಟು ಕಳಿಸಿ. ಲೈಕಾದ ಸರ್ವಿಸ್ ಇರುವುದು ವೆಟ್ಸ್‌ಲಾರ್‌ನಲ್ಲಿ, ಅವರಿಗೆ ಅದು ಹತ್ತಿರ. ಕ್ಯಾಮೆರಾದ್ದೇ ದೋಷವಾದರೆ ಬಾಡಿಯನ್ನೂ ಲೆನ್ಸನ್ನೂ ಒಟ್ಟಿಗೇ ಕಳಿಸಿ, ಒಂದಕ್ಕೊಂದು ಹೊಂದಿಸಿ ಕೊಡಿ ಎಂದು ಚೀಟಿ ಬರೆದಿಡಿ.

ಬಂದ ಮೇಲೆ ನಿಮ್ಮೂರಿನ ಮಳೆಗಾಲಕ್ಕೆ ತಯಾರಿ ಬೇಕು. ಲೆನ್ಸ್ ಜೊತೆ ಬರುವ ಚರ್ಮದ ಚೀಲ ನೋಡಲು ಚೆಂದ, ತೇವ ಹೀರಿ ಬೂಷ್ಟು ಸಾಕುವುದೂ ಅದೇ. ಅದನ್ನು ಬೇರೆ ಕಪಾಟಿನಲ್ಲಿಡಿ. ಲೆನ್ಸಿಗೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. ಆಟ ಮುಗಿಸಿ ಬೆಳಗಿನ ಜಾವ ಇಬ್ಬನಿಯಲ್ಲಿ ಬಂದ ದಿನ ನೇರ ಡಬ್ಬಿಗೆ ಹಾಕಬೇಡಿ. ಹೊರಗಿನ ತೇವ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು ಆಮೇಲೆ ಮುಚ್ಚಿ.